ಮೀನಿನ ತೊಟ್ಟಿಗೆ ಹಾವು ಬಿಟ್ಟು ನಾನು ಸುಟ್ಟುಕೊಂಡ ಕಥೆ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಅಂಗಡಿಯವನದೂ ಸ್ವಲ್ಪ ಇದೆ. ಹಾವಿನದು ಮಾತ್ರ ಏನೂ ಇಲ್ಲ.

ಮೈಸೂರಿನ ಕುವೆಂಪುನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ ನಮ್ಮದು. ನಾನು, ಅಮ್ಮ, ಅಜ್ಜಿ. ನವೆಂಬರಿನಲ್ಲಿ ಗೆಳೆಯನೊಬ್ಬ ಕೆಲಸದ ಮೇಲೆ ವಿದೇಶಕ್ಕೆ ಹೊರಟ. ಅವನು ಸಾಕಿದ್ದ ಬಾಲ್ ಪೈಥಾನ್ ಎಂಬ ಸಣ್ಣ ಜಾತಿಯ ಹೆಬ್ಬಾವು ನನ್ನ ಪಾಲಿಗೆ ಬಂತು. ಮೂರಡಿ ಉದ್ದ, ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆ ಒಳಗೆ ಹುದುಗಿಸಿಕೊಳ್ಳುತ್ತದೆ. ಅದಕ್ಕೇ ಹೆಸರು ಗುಂಡ. ಗೆಳೆಯನ ಮನೆಯಲ್ಲಿ ಗುಂಡನ ಪೆಟ್ಟಿಗೆಯನ್ನು ಗೋಡೆ ಕಪಾಟಿಗೇ ಸೇರಿಸಿ ಮಾಡಿಸಿದ್ದರು, ಕಿತ್ತು ತರುವ ಹಾಗಿರಲಿಲ್ಲ. ಹಾವು ಬಂತು, ಮನೆ ಬರಲಿಲ್ಲ.

ಕಾಗದದ ವಿಷಯ ಇಲ್ಲೇ ಮುಗಿಸುತ್ತೇನೆ. ಇದು ಆಫ್ರಿಕಾದ ಹಾವು, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರಲೇಬೇಕು, ಕೈ ಬದಲಾದರೂ ತಿಳಿಸಬೇಕು. ನಮ್ಮ ಹೆಬ್ಬಾವು, ಕೇರೆ, ನಾಗರ ಇವನ್ನೆಲ್ಲ ಮನೆಯಲ್ಲಿ ಸಾಕುವಂತೆಯೇ ಇಲ್ಲ. 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. 'ಎರಡು ತಲೆ ಹಾವು ಇದೆ, ಮನೇಲಿಟ್ರೆ ದುಡ್ಡು ಬರುತ್ತೆ' ಎಂದು ಮಣ್ಣುಮುಕ್ಕ ಹಾವು ತೋರಿಸುವವರು ಬಂದರೆ ಬಾಗಿಲು ಹಾಕಿಕೊಳ್ಳಿ. ಅದು ಮೋಸ, ಜೊತೆಗೆ ಜೈಲು.

ಈಗ ಪೆಟ್ಟಿಗೆಯ ಕಥೆ. ನಾನು ಹೋಗಿದ್ದು ಮೀನಿನ ಅಂಗಡಿಗೆ. ಹಾವಿಗೆ ಅಂದಕೂಡಲೇ ಅವನು ಎರಡೂವರೆ ಅಡಿಯ ಗಾಜಿನ ತೊಟ್ಟಿ ಹೊರಗೆ ಎಳೆದ. ಮೇಲೆ ಜಾಲರಿ ಮುಚ್ಚಳ, ಒಂದು ಕೆಂಪು ಬಲ್ಬು, ಕೆಳಗೆ ಅಂಟಿಸುವ, ಕರೆಂಟಿನಿಂದ ಬಿಸಿಯಾಗುವ ಹೀಟ್ ಮ್ಯಾಟ್, ಗಾಜಿಗೆ ಅಂಟಿಸುವ ದುಂಡನೆ ಥರ್ಮಾಮೀಟರು. ಬಿಸಿ ಮಿತಿ ಮೀರಿದರೆ ತಾನೇ ಆರಿಸುವ ಸಾಧನ ಇರುತ್ತದಲ್ಲ, 'ಥರ್ಮೋಸ್ಟಾಟ್ ಬೇಕಾ?' ಎಂದು ನಾನೇ ಕೇಳಿದ್ದೆ. 'ಅಯ್ಯೋ, ಯಾಕೆ ಸಾರ್ ಸುಮ್ನೆ ಖರ್ಚು? ಮ್ಯಾಟ್ ಬರೀ ಉಗುರುಬೆಚ್ಚಗಿರುತ್ತೆ' ಎಂದ. ಒಂದೂವರೆ ಸಾವಿರ ಉಳಿಯಿತಲ್ಲ ಎಂದು ನಾನೂ ಖುಷಿಯಾದೆ. ಆ ಖುಷಿ ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಡಿಸೆಂಬರ್. ಮೈಸೂರಿನ ರಾತ್ರಿ ಚಳಿ ನಿಮಗೇ ಗೊತ್ತು. ಮ್ಯಾಟ್ ಹಗಲೂ ರಾತ್ರಿ ಹಾಕಿಯೇ ಇರುತ್ತಿದ್ದೆ. ತೊಟ್ಟಿಯ ಗಾಜಿನ ಗೋಡೆಗೆ ಅಂಟಿಸಿದ್ದ ಥರ್ಮಾಮೀಟರು 28, 29 ಡಿಗ್ರಿ ತೋರಿಸುತ್ತಿತ್ತು. ನನಗೆ ನೆಮ್ಮದಿ. ಗುಂಡ ಹಗಲೆಲ್ಲ ಮ್ಯಾಟ್ ಇದ್ದ ಮೂಲೆಯಲ್ಲೇ ಸುತ್ತಿಕೊಂಡು ಮಲಗಿರುತ್ತಿದ್ದ. ಎಷ್ಟು ಹಾಯಾಗಿದ್ದಾನೆ ಎಂದು ಫೋಟೋ ಬೇರೆ ತೆಗೆದಿದ್ದೆ.

ಮೂರನೇ ವಾರ ಇಲಿ ಮುಟ್ಟಲಿಲ್ಲ. ಎತ್ತಿಕೊಂಡು ನೋಡಿದರೆ ಹೊಟ್ಟೆಯ ಕೆಳಗೆ ನಾಲ್ಕು ಬೆರಳಗಲ ಚರ್ಮ ಕಂದುಬಣ್ಣಕ್ಕೆ ತಿರುಗಿ, ಹುರುಪೆಗಳ ನಡುವೆ ನೀರು ತುಂಬಿತ್ತು. ಸುಟ್ಟ ಗಾಯ ಅಂತ ನನಗೆ ಹೊಳೆಯಲೇ ಇಲ್ಲ. ಪೊರೆ ಬಿಡುವ ಹೊತ್ತು ಇರಬೇಕು ಎಂದುಕೊಂಡು ಇನ್ನೂ ಎರಡು ದಿನ ಕಳೆದೆ.

ಮೊದಲು ಹೋದ ಕ್ಲಿನಿಕ್ಕಿನಲ್ಲಿ 'ನಾಯಿ ಬೆಕ್ಕು ಮಾತ್ರ' ಎಂದು ವಾಪಸ್ ಕಳಿಸಿದರು. ಎರಡನೇ ಕಡೆ ಸರೀಸೃಪ ನೋಡುವ ಡಾಕ್ಟರು ಸಿಕ್ಕರು. ಅವರು ಕೇಳಿದ ಮೊದಲ ಪ್ರಶ್ನೆ, 'ಮ್ಯಾಟಿಗೆ ಥರ್ಮೋಸ್ಟಾಟ್ ಇದೆಯಾ?' ನಾನು ನೆಲ ನೋಡಿದೆ.

ಮನೆಗೆ ಬಂದು, ಪ್ರೋಬ್, ಅಂದರೆ ತಂತಿಯ ತುದಿಯಲ್ಲಿ ಬಿಸಿ ಅಳೆಯುವ ಕಡ್ಡಿ ಇರುವ ಥರ್ಮಾಮೀಟರು ತಂದು, ಗುಂಡ ಮಲಗುತ್ತಿದ್ದ ಜಾಗದಲ್ಲಿ ತಳಕ್ಕೆ ಹಾಸಿದ್ದ ಪುಡಿ ಸರಿಸಿ ಗಾಜಿನ ಮೇಲೇ ಇಟ್ಟೆ. 47 ಡಿಗ್ರಿ. ಗೋಡೆಯ ಮೇಲಿನದು ಆಗಲೂ 29 ಎಂದೇ ಹೇಳುತ್ತಿತ್ತು. ಅದು ಮೇಲಿನ ಗಾಳಿ ಅಳೆಯುತ್ತದೆ, ಹಾವು ಮಲಗುವುದು ನೆಲದ ಮೇಲೆ. ಬೇರೆ ಕಡೆಯೆಲ್ಲ ತಣ್ಣಗಿದ್ದರೆ ಹಾವು ಬಿಸಿ ಇರುವ ಒಂದೇ ಜಾಗಕ್ಕೆ ಹೋಗಿ ಕೂರುತ್ತದೆ. ಸುಡುತ್ತಿದ್ದರೂ ಬೇಗ ಎದ್ದು ಹೋಗುವುದಿಲ್ಲ. ಮೇಲೆ ದಪ್ಪಗೆ ಪುಡಿ ಹಾಸಿದ್ದರೆ ಬಿಸಿ ಅಡಿಯಲ್ಲೇ ಕೂಡಿಕೊಂಡು ಇನ್ನೂ ಜಾಸ್ತಿಯಾಗುತ್ತದೆ.

ಇಷ್ಟೆಲ್ಲ ಆದಮೇಲೆ ಅಜ್ಜಿ ಬಾಯಿಬಿಟ್ಟರು. ಅವರು ಮದ್ದೂರು ಕಡೆಯವರು. ಗುಂಡ ಬಂದ ದಿನದಿಂದ 'ನಾಗಪ್ಪನ್ನ ಗಾಜಿನ ಪೆಟ್ಗೇಲಿ ಕೂಡಾಕವ್ನಲ್ಲ ಇವ್ನು' ಎಂದು ಗೊಣಗುತ್ತಲೇ ಇದ್ದರು. ಅವತ್ತು ಹತ್ತಿರ ಬಂದು ಕೂತು, 'ಹುತ್ತ ನೋಡಿಲ್ವೇನ್ಲಾ ನೀನು? ಮ್ಯಾಲೆ ಬಿಸ್ಲು ಕಾಯ್ತದೆ, ಒಳ್ಗೆ ತಂಪು. ಕತ್ಲು, ತ್ಯಾವ. ನಿಂದು ಎಲ್ಲಾ ತಲೆಕೆಳಗು' ಎಂದರು. ನಗು ಬಂತು. ಆಮೇಲೆ ಓದಿದರೆ, ಆಫ್ರಿಕಾದಲ್ಲೂ ಇವು ಹಗಲು ಕಳೆಯುವುದು ಇಲಿ ಬಿಲಗಳಲ್ಲಿ, ಗೆದ್ದಲು ಕಟ್ಟಿದ ಹುತ್ತಗಳಲ್ಲಿ! ಮದ್ದೂರಿನ ಅಜ್ಜಿಗೆ ಗೊತ್ತಿದ್ದದ್ದು ಮೀನಂಗಡಿಯವನಿಗೆ ಗೊತ್ತಿರಲಿಲ್ಲ. ನನಗೂ.

ತ್ಯಾವದ ಮಾತು ಬಂತಲ್ಲ, ಅದರಲ್ಲೂ ಎಡವಿದ್ದೆ. ಜಾಲರಿ ಮುಚ್ಚಳ, ಮೇಲೆ ಉರಿಯುವ ಬಲ್ಬು. ತೊಟ್ಟಿಯ ತೇವವೆಲ್ಲ ಮೇಲಕ್ಕೆ ಹಾರಿ ಹೋಗುತ್ತಿತ್ತು. ಅಳೆದಾಗ 35 ಪರ್ಸೆಂಟ್, ಇರಬೇಕಾದದ್ದು 60ರ ಆಸುಪಾಸು. ಜನವರಿಯಲ್ಲಿ ಪೊರೆ ಚೂರುಚೂರಾಗಿ ಬಿಟ್ಟಿತು, ಕಣ್ಣಿನ ಮೇಲಿನದು ಅಂಟಿಕೊಂಡೇ ಉಳಿಯಿತು. ಅದನ್ನು ಉಗುರಿನಲ್ಲಿ ಕೀಳಲು ಹೋಗಬೇಡಿ, ಕಣ್ಣೇ ಹೋದೀತು. ಒದ್ದೆ ಬಟ್ಟೆ ಹಾಕಿದ ಡಬ್ಬಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಆಗಲೂ ಬರದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಅದೇ ತಿಂಗಳು ಗುಂಡ ಓಡಿಹೋದ. ಮುಚ್ಚಳಕ್ಕೆ ಲಾಕ್ ಇರಲಿಲ್ಲ, ಎರಡು ಇಟ್ಟಿಗೆ ಹೇರಿದ್ದೆ. ಹಾವಿಗೆ ಇಟ್ಟಿಗೆ ಯಾವ ಲೆಕ್ಕ? ಎರಡು ರಾತ್ರಿ ನಿದ್ದೆಯಿಲ್ಲ. ಕಚ್ಚಿದರೆ ಏನು ಎಂಬ ಭಯ ಅಲ್ಲ, ಅದಕ್ಕೆ ವಿಷವೇ ಇಲ್ಲ. ಭಯ ಕೆಳಗಿನ ಮನೆಯವರದು. ಕಂದು ಮೈ ಮೇಲೆ ಮಚ್ಚೆ, ದಪ್ಪನೆ ದೇಹ. ನೋಡಿದವರಿಗೆ ಥೇಟ್ ಕೊಳಕುಮಂಡಲ. ಕೋಲು ಹಿಡಿದರೆ ಗುಂಡನ ಕಥೆ ಮುಗಿಯಿತು. ಇನ್ನೂ ಕೆಟ್ಟದ್ದು ಏನೆಂದರೆ, ನಿಜವಾದ ಮಂಡಲವೇ ಕಾಂಪೌಂಡಿಗೆ ಬಂದಾಗ ಯಾವುದೋ ಮಗು 'ಅಣ್ಣನ ಹಾವು' ಎಂದು ಮುಟ್ಟಲು ಹೋದರೆ? ಮೂರನೇ ದಿನ ಫ್ರಿಜ್ಜಿನ ಹಿಂದೆ, ಬೆಚ್ಚಗಿರುವ ಕಂಪ್ರೆಸರ್ ಪಕ್ಕ ಸಿಕ್ಕ. ಅಲ್ಲೂ ಬಿಸಿ ಹುಡುಕಿಕೊಂಡೇ ಹೋಗಿದ್ದ, ಪಾಪ.

ಗಾಯ ಒಣಗುವವರೆಗೆ ಪುಡಿ ತೆಗೆದು ಬರೀ ಪೇಪರ್ ಹಾಸಿ, ದಿನಾ ಬದಲಿಸಿ, ಡಾಕ್ಟರು ಕೊಟ್ಟ ಮುಲಾಮು ಹಚ್ಚಬೇಕಿತ್ತು. ಅರಿಶಿನ ಹಚ್ಚು ಎಂದವರು ಬಹಳ ಜನ. ಹಚ್ಚಲಿಲ್ಲ. ಡಾಕ್ಟರು, ಮದ್ದು, ಓಡಾಟ ಎಲ್ಲ ಸೇರಿ ಉಳಿಸಿದ ಒಂದೂವರೆ ಸಾವಿರದ ಆರು ಪಟ್ಟು ಹೋಯಿತು.

ಹೊಸ ಪೆಟ್ಟಿಗೆಯನ್ನು ಅಡುಗೆಮನೆ ಕಪಾಟು ಮಾಡುವವರ ಕೈಲಿ ಮಾಡಿಸಿದೆ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ, ಪಿವಿಸಿ ಬೋರ್ಡು. ತೇವಕ್ಕೆ ಉಬ್ಬುವುದಿಲ್ಲ. ಮುಂದೆ ಸರಿಯುವ ಗಾಜು, ಅದಕ್ಕೆ ಶೋಕೇಸಿಗೆ ಹಾಕುವ ಬೀಗ. ಬಿಸಿ ಈಗ ಮೇಲಿನಿಂದ, ಬೆಳಕು ಕೊಡದ ಸೆರಾಮಿಕ್ ಹೀಟರು, ಸುತ್ತ ತಂತಿ ಬುಟ್ಟಿ. ಥರ್ಮೋಸ್ಟಾಟಿನ ಪ್ರೋಬ್ ಹಾವು ಕೂರುವ ಜಾಗದಲ್ಲಿ, ಅಲ್ಲಾಡದ ಹಾಗೆ ಕಟ್ಟಿದೆ. ಬಿಸಿ ಕಡೆ 31ರಿಂದ 33, ತಂಪು ಕಡೆ 25ರಿಂದ 27. ಹಾಸಲು ಮದ್ದೂರಿನಿಂದ ಮಾವ ಕಳಿಸಿದ ತೆಂಗಿನ ನಾರಿನ ಪುಡಿ, ತೊಳೆದು ಒಣಗಿಸಿದ್ದು. ಅವಿತುಕೊಳ್ಳಲು ಅರ್ಧ ಒಡೆದ ಮಡಕೆ ಎರಡು, ಅಂಚು ಉಜ್ಜಿ ನಯ ಮಾಡಿ. ಬಿಸಿ ಕಡೆ ಒಂದು, ತಂಪು ಕಡೆ ಒಂದು. ಒಂದೇ ಇಟ್ಟರೆ ಹಾವು ಬಚ್ಚಿಟ್ಟುಕೊಳ್ಳುವ ಆಸೆಗೆ ಬಿಸಿಯೋ ಚಳಿಯೋ ಸಹಿಸಿಕೊಂಡು ಅಲ್ಲೇ ಬಿದ್ದಿರುತ್ತದೆ.

ಈ ಸಲ ಪೆಟ್ಟಿಗೆಯನ್ನು ಹದಿನೈದು ದಿನ ಖಾಲಿಯೇ ಓಡಿಸಿದೆ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಳೆದು ಪುಸ್ತಕದಲ್ಲಿ ಬರೆದೆ. ನಾಲ್ಕನೇ ದಿನವೇ ಪ್ರೋಬ್ ಜಾರಿ ಬಿದ್ದು ಬಿಸಿ 40 ದಾಟಿತ್ತು. ಒಳಗೆ ಗುಂಡ ಇರಲಿಲ್ಲ. ನೀವು ಏನೇ ಮಾಡಿ, ಈ ಹದಿನೈದು ದಿನ ಮಾತ್ರ ಬಿಡಬೇಡಿ. ಹಾವು ಆಮೇಲೆ ಬರಲಿ.

ಗುಂಡ ಈಗ ತಿನ್ನುತ್ತಿದ್ದಾನೆ. ಹೊಟ್ಟೆಯ ಕಲೆ ಇದೆ, ಪ್ರತಿ ಪೊರೆಗೂ ಚೂರು ಮಾಸುತ್ತಿದೆ. ಹಳೇ ಗಾಜಿನ ತೊಟ್ಟಿ ಬಾಲ್ಕನಿಯಲ್ಲಿ ಬಿದ್ದಿದೆ. ಮೊನ್ನೆ ಸರಸ್ವತಿಪುರಂನಿಂದ ಒಬ್ಬ ಹುಡುಗ ಕೇಳಿಕೊಂಡು ಬಂದಿದ್ದ, ಹಾವಿಗಂತೆ. ಮೀನಿಗಾದರೆ ಸುಮ್ನೆ ತಗೊಂಡು ಹೋಗು, ಹಾವಿಗಾದರೆ ದುಡ್ಡು ಕೊಟ್ಟರೂ ಕೊಡಲ್ಲ ಎಂದೆ. ಒಳಗೆ ಕರೆದು ಗುಂಡನ ಹೊಟ್ಟೆ ತೋರಿಸಿದೆ. ತೊಟ್ಟಿ ಇನ್ನೂ ಬಾಲ್ಕನಿಯಲ್ಲೇ ಇದೆ.