ಸುಮ್ನೆ ಕೂತ ಸ್ವಿಚ್ ಎಷ್ಟು ಕರೆಂಟು ತಿನ್ನುತ್ತದೆ?

ನಮ್ಮದು ಪೆರ್ಲ ಕಡೆಯ ಕನ್ನಡ ಶಾಲೆ. ಕಂಪ್ಯೂಟರ್ ಲ್ಯಾಬಿನ ಹೊಣೆ ನನ್ನದು. 14 ಕಂಪ್ಯೂಟರ್, 4 ಕ್ಯಾಮೆರಾ, 2 ವೈಫೈ ಪೆಟ್ಟಿಗೆ. ಮಕ್ಕಳು ಲ್ಯಾಬಿನಲ್ಲಿರುವುದು ದಿನಕ್ಕೆ ಐದಾರು ಗಂಟೆ. ಕ್ಯಾಮೆರಾ ಇರುವುದರಿಂದ, ಇವನ್ನೆಲ್ಲ ಕೇಬಲಿನಿಂದ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಯಾದ ನೆಟ್‌ವರ್ಕ್ ಸ್ವಿಚ್ ಮಾತ್ರ ರಾತ್ರಿ, ರಜೆ ಅಂತಿಲ್ಲದೆ ಆನ್ ಇರಬೇಕು. ಅಕ್ಟೋಬರಿನ ಸಿಡಿಲಿಗೆ ಹಳೆಯದು ಸುಟ್ಟುಹೋಯಿತು. ಹೊಸದು ಹುಡುಕುವಾಗ ನಾನು ಮೊದಲು ನೋಡಿದ್ದು ಖಾಲಿ ಇದ್ದಾಗ ಅದು ಎಳೆಯುವ ವಾಟ್.

ಲೆಕ್ಕ ಸುಲಭ. ವರ್ಷಕ್ಕೆ 8760 ಗಂಟೆ. ಅಂದರೆ ಸದಾ ಉರಿಯುವ ಒಂದೊಂದು ವಾಟ್‌ಗೂ ವರ್ಷಕ್ಕೆ 8.76 ಯೂನಿಟ್. ಹಿಂದೆ ಅಂಟಿಸಿದ ಲೇಬಲ್ ಇದಕ್ಕೆ ಉಪಯೋಗವಿಲ್ಲ, ಅದರಲ್ಲಿ ಬರೆಯುವುದು ಗರಿಷ್ಠ ಅಂಕೆ.

ಪ್ಲಗ್ಗಿಗೆ ಸಿಕ್ಕಿಸುವ ವಾಟ್ ಮೀಟರ್ ಹಿಡಿದುಕೊಂಡು ಮಂಗಳೂರಿನ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಹೋದೆ. "ಮಾಷ್ಟ್ರೇ, ಇದು ದೊಡ್ಡ ಆಫೀಸಿನಿಂದ ಬಂದದ್ದು, ಇನ್ನು ಹತ್ತು ವರ್ಷ ನಿಮಗೆ ಬೇರೆ ಬೇಡ" ಅಂತ 48 ಪೋರ್ಟಿನ, ಅಂದರೆ 48 ಕೇಬಲ್ ಸಿಕ್ಕಿಸಬಹುದಾದ ಪಿಒಇ ಸ್ವಿಚ್ ತೋರಿಸಿದರು. ಪಿಒಇ ಅಂದರೆ ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟನ್ನೂ ಕಳಿಸುವಂಥದ್ದು. ರೇಟು ಕೇಳಿದರೆ ಯಾರಿಗೂ ಆಸೆಯಾಗಬೇಕು. ಆನ್ ಮಾಡಿದ ಕೂಡಲೇ ಫ್ಯಾನ್ ಜೋರಾಗಿ ಬೊಬ್ಬೆ ಹಾಕಿತು. ಆಗಿನ ಅಂಕೆ ನಂಬಬೇಡಿ. ಅರ್ಧ ಗಂಟೆ ಕಾದೆ. ಒಂದೇ ಒಂದು ಕೇಬಲ್ ಇಲ್ಲದೆ 94 ವಾಟ್! ಎರಡು ಪವರ್ ಸಪ್ಲೈಯಲ್ಲಿ ಒಂದನ್ನು ಎಳೆದು ತೆಗೆದೆ, 83ಕ್ಕೆ ಇಳಿಯಿತು. ಜೋಡಿ ಪವರ್ ಸಪ್ಲೈ ಇದ್ದರೆ ಎರಡನೆಯದು ಸುಮ್ಮನಿದ್ದೇ ಹತ್ತು ಹನ್ನೊಂದು ವಾಟ್ ತಿನ್ನುತ್ತದೆ ಅಂತ ಕಣ್ಣಾರೆ ಕಂಡೆ.

ಫ್ಯಾನ್ ಇರುವ, ಪಿಒಇ ಇಲ್ಲದ 24 ಪೋರ್ಟಿನದು 31 ವಾಟ್. ಒಳ್ಳೆಯ ಯಂತ್ರ, ಆದರೆ ಅದರ ಅತಿ ವೇಗದ 10 ಗಿಗಾಬಿಟ್ ಪೋರ್ಟುಗಳಿಂದ ನಮಗೇನೂ ಕೆಲಸವಿಲ್ಲ.

ಫ್ಯಾನ್ ಇಲ್ಲದ 24 ಪೋರ್ಟಿನದು 13 ವಾಟ್. ಒಂದೇ ಸ್ವಿಚ್ಚನ್ನು ಬೇರೆ ಬೇರೆ ನೆಟ್‌ವರ್ಕ್ ಆಗಿ ಹಂಚುವ ವಿಲ್ಯಾನ್ ಇದರಲ್ಲೂ ಇದೆ, ಮಕ್ಕಳ ಲ್ಯಾಬನ್ನೂ ಆಫೀಸನ್ನೂ ಬೇರೆ ಮಾಡಬಹುದು. 2010ರಲ್ಲಿ ಬಂದ 802.3ಎಝೆಡ್ ಅನ್ನುವ, ಕರೆಂಟು ಉಳಿಸುವ ವ್ಯವಸ್ಥೆ ಕೂಡ ಇದೆ. ಕೇಬಲಿನಲ್ಲಿ ಡೇಟಾ ಓಡದಾಗ ಪೋರ್ಟ್ ನಿದ್ದೆಗೆ ಜಾರುತ್ತದೆ, ಆದರೆ ಆ ತುದಿಯ ಕಂಪ್ಯೂಟರಿನಲ್ಲೂ ಅದು ಇರಬೇಕು. ಕೇಬಲಿನಿಂದಲೇ ಕರೆಂಟು ಬೇಕಾದದ್ದು ನಮ್ಮಲ್ಲಿ ಆರೇ ಆರು ಸಾಮಾನಿಗೆ. ಅದಕ್ಕೆ 48 ಪೋರ್ಟ್ ಯಾಕೆ? 8 ಪೋರ್ಟಿನ ಸಣ್ಣ ಪಿಒಇ ಸ್ವಿಚ್ ಸೇರಿಸಿದೆ, ಖಾಲಿ ಇದ್ದಾಗ ಅದು 7 ವಾಟ್. ಎರಡೂ ಸೇರಿ 20. ವರ್ಷಕ್ಕೆ ಸುಮಾರು 175 ಯೂನಿಟ್. ದೊಡ್ಡದು ತಂದಿದ್ದರೆ 823 ಆಗುತ್ತಿತ್ತು.

ಬಿಲ್ಲಿಗಿಂತ ಜಾಸ್ತಿ ನನಗೆ ಮುಖ್ಯವಾದದ್ದು ಇನ್ವರ್ಟರ್. ಸ್ವಿಚ್ ಕಡಿಮೆ ತಿಂದಷ್ಟೂ ಅದರ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಲೈನಿನ ಮೇಲೆ ಮರ ಬೀಳುವುದು ಹೊಸತಲ್ಲ ಅಲ್ವಾ? 12 ವೋಲ್ಟಿನ 150 ಆಂಪಿಯರ್ ಅವರ್ ಬ್ಯಾಟರಿ ಅಂದರೆ ಕಾಗದದಲ್ಲಿ 1800 ವಾಟ್ ಅವರ್, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಜುಲೈಯಲ್ಲಿ ರಾತ್ರಿ ಎಂಟಕ್ಕೆ ಹೋದ ಕರೆಂಟು ಬೆಳಿಗ್ಗೆ ಏಳಕ್ಕೆ ಬಂತು. ಕ್ಯಾಮೆರಾದ ರೆಕಾರ್ಡಿಂಗ್ ಒಂದು ನಿಮಿಷವೂ ತಪ್ಪಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತು ಅಂದರೆ, ಹೆಡ್‌ಮಾಷ್ಟ್ರನ್ನು ಕರೆದು ತೋರಿಸಿದೆ.

ಒಂದು ಕೊರತೆ ಇದೆ. ಫ್ಯಾನ್ ಇಲ್ಲದ ಕಾರಣ ಏಪ್ರಿಲಿನ ಮಧ್ಯಾಹ್ನ ಮುಟ್ಟಿದರೆ ಚೆನ್ನಾಗಿ ಬಿಸಿ ಇರುತ್ತದೆ. ಅದಕ್ಕೆ ಮೇಲೆ ಒಂದು ಗೇಣು ಜಾಗ ಬಿಟ್ಟು, ಕಪಾಟಿನ ಬಾಗಿಲು ಕಳಚಿಟ್ಟಿದ್ದೇನೆ.