ಮಕ್ಕಳ ಸಂತೆಯೋ, ಅಂಚೆ ಖಾತೆಯೋ?

ಸೇಡಂ ಕಡೆಯ ಟೀಚರೊಬ್ಬರು ಕೇಳಿದ್ದಾರೆ: ಮಕ್ಕಳಿಗೆ ದುಡ್ಡಿನ ವ್ಯವಹಾರ ಕಲಿಸಲು ಶಾಲೆಯಲ್ಲಿ ಮಕ್ಕಳ ಸಂತೆ ಮಾಡಲೋ, ಎಲ್ಲರಿಗೂ ಅಂಚೆ ಕಚೇರಿಯಲ್ಲಿ ಖಾತೆ ಮಾಡಿಸಲೋ?

ಮೊದಲು ಖರ್ಚು ನೋಡಿ. ಸಂತೆಗೆ ಬೇಕಾದ್ದು ಶಾಲೆಯ ಅಂಗಳ, ಒಂದು ತಕ್ಕಡಿ, ಮನೆಯಿಂದ ತಂದ ಪುಂಡಿಪಲ್ಯೆ, ಶೇಂಗಾ. ಅಂಚೆ ಉಳಿತಾಯ ಖಾತೆಯಲ್ಲಿ ಕನಿಷ್ಠ 500 ರೂಪಾಯಿ ಇರಲೇಬೇಕು. ಕೂಲಿ ಮಾಡುವ ಮನೆಗೆ ಇದು ಸಣ್ಣ ಮೊತ್ತವಲ್ಲ.

ಕಲಿಕೆಗೆ ಬಂದರೆ ನನಗೆ ಸಂತೆಯೇ ಇಷ್ಟ. 10 ರೂಪಾಯಿಯ ಸಿವುಡನ್ನು 5ಕ್ಕೆ ಕೇಳಿದರೆ ಕೊಡಬೇಕೋ ಬೇಡವೋ, ಹುಡುಗಿ ಅಲ್ಲೇ ನಿರ್ಧರಿಸಬೇಕು. ಸಂಜೆ ಬಾಡಿದ ಪಲ್ಯೆ ಉಳಿದರೆ ನಷ್ಟ ಅಂದರೇನು ಅಂತ ತಾನಾಗಿಯೇ ಗೊತ್ತಾಗುತ್ತದೆ. ಆದರೆ ಹಾಕಿದ ಬಂಡವಾಳ, ಬಂದ ಲಾಭ ಎರಡನ್ನೂ ಮರುದಿನ ಕ್ಲಾಸಿನಲ್ಲಿ ಬರೆಸಬೇಕು. ಇಲ್ಲದಿದ್ದರೆ ಅದು ಸುಮ್ನೆ ಫೋಟೊ ಕಾರ್ಯಕ್ರಮ. ಟೀಚರುಗಳೇ ಎಲ್ಲ ಕೊಂಡು ಮುಗಿಸುವ ಸಂತೆಯೂ ಲೆಕ್ಕಕ್ಕಿಲ್ಲ, ಅಲ್ವಾ?

ಸಂತೆ ಒಂದು ದಿನದ್ದು. ಕಾಯುವ ಅಭ್ಯಾಸ ಬರುವುದು ಖಾತೆಯಿಂದ. 10 ವರ್ಷ ತುಂಬಿದ ಮಗು ತನ್ನ ಹೆಸರಲ್ಲೇ ಖಾತೆ ತೆರೆದು ತಾನೇ ನಡೆಸಬಹುದು. ಶರಣಬಸವೇಶ್ವರ ಜಾತ್ರೆಗೆ ಕೊಟ್ಟ ದುಡ್ಡಿನಲ್ಲಿ ಉಳಿದದ್ದು ಪಾಸ್‌ಬುಕ್ಕಿಗೆ ಏರಿದರೆ ಅದರ ಖುಷಿಯೇ ಬೇರೆ.

3, 4ನೇ ಕ್ಲಾಸಾದರೆ ಸಂತೆ ಮಾಡಿ. 6, 7ನೇ ಕ್ಲಾಸಾಗಿ, ಅಂಚೆ ಕಚೇರಿ ನಡೆದು ಹೋಗುವಷ್ಟು ಹತ್ತಿರವಿದ್ದರೆ ಖಾತೆ. ಗುಳೆ ಹೋಗುವ ಮನೆಗಳ ಮಕ್ಕಳು ಜಾಸ್ತಿ ಇದ್ದಲ್ಲಿ ಖಾತೆ ಅರ್ಧಕ್ಕೇ ನಿಲ್ಲಬಹುದು. ಅಲ್ಲಿ ಸಂತೆಯನ್ನೇ ವರ್ಷಕ್ಕೆ ಎರಡು ಸಲ ಇಟ್ಟುಕೊಳ್ಳಿ.