ರೈಜೆನ್ 7 5800ಎಕ್ಸ್: ನಾಲ್ಕು ಬೇಸಿಗೆ ದಾಟಿದ ಮೇಲೆ ವೋಲ್ಟೇಜ್, ಬಿಸಿಯ ಲೆಕ್ಕ

ಎಎಂಡಿಯ ಈ ಎಂಟು ಕೋರ್‌ಗಳ ಡೆಸ್ಕ್‌ಟಾಪ್ ಪ್ರೊಸೆಸರ್ ಹಾಕಿಕೊಂಡವರು ಮೊದಲ ದಿನವೇ ಗಾಬರಿಯಾಗುವುದು ಎರಡು ಅಂಕಿ ನೋಡಿ. ಸುಮ್ಮನಿದ್ದಾಗ ವೋಲ್ಟೇಜ್ 1.45ಕ್ಕೆ ಜಿಗಿಯುತ್ತದೆ, ಎಲ್ಲ ಕೋರ್‌ಗಳನ್ನೂ ದುಡಿಸುವ ಪರೀಕ್ಷಾ ತಂತ್ರಾಂಶ ಸಿನಿಬೆಂಚ್ ಓಡಿಸಿದರೆ ಬಿಸಿ 90 ಡಿಗ್ರಿ ಮುಟ್ಟುತ್ತದೆ. ಎರಡೂ ಕೆಟ್ಟಿರುವ ಲಕ್ಷಣ ಅಲ್ಲ. ಒಂದೆರಡು ಕೋರ್ ಕ್ಷಣಕಾಲ 4.8 ಗಿಗಾಹರ್ಟ್ಸ್ ದಾಟಬೇಕಾದರೆ ಅಷ್ಟು ವೋಲ್ಟೇಜ್ ಬೇಕು. ಆಗ ಹರಿಯುವ ಕರೆಂಟ್ ಕಡಿಮೆ. ಎಂಟೂ ಕೋರ್ ದುಡಿಯತೊಡಗಿದರೆ ವೋಲ್ಟೇಜ್ ತಾನಾಗಿಯೇ ಇಳಿಯುತ್ತದೆ. 90 ಡಿಗ್ರಿ ಎಂಬುದು ಎಎಂಡಿಯೇ ಇಟ್ಟಿರುವ ಮಿತಿ.

ದೊಡ್ಡ ಕೂಲರ್ ಹಾಕಿದರೂ ಬಿಸಿ ಅಂದುಕೊಂಡಷ್ಟು ಇಳಿಯದಿರುವುದಕ್ಕೆ ಕಾರಣ ಇದೆ. 142 ವ್ಯಾಟ್‌ವರೆಗೆ ವಿದ್ಯುತ್ ಎಳೆಯುವ ಎಂಟು ಕೋರ್‌ಗಳು ಸುಮಾರು 80 ಚದರ ಮಿಲಿಮೀಟರ್‌ನ ಒಂದೇ ಚಿಪ್‌ನಲ್ಲಿವೆ. ಇದರ ಅಣ್ಣ 5900ಎಕ್ಸ್‌ಗೂ ಅದೇ 142 ವ್ಯಾಟ್ ಮಿತಿ, ಆದರೆ ಅಲ್ಲಿ ಅದು ಎರಡು ಚಿಪ್‌ಗಳಿಗೆ ಹಂಚಿಹೋಗುತ್ತದೆ. ಹಾಗಾಗಿ 5800ಎಕ್ಸ್‌ನಲ್ಲಿ ವೋಲ್ಟೇಜ್ ಏರಿಸಿ ಓವರ್‌ಕ್ಲಾಕ್ ಮಾಡುವುದು (ನಿಗದಿಗಿಂತ ಹೆಚ್ಚು ವೇಗಕ್ಕೆ ಓಡಿಸುವುದು) ಹಣ ಮತ್ತು ಸಮಯ ಎರಡಕ್ಕೂ ದಂಡ. ಎಲ್ಲ ಕೋರ್‌ಗೂ 4.6 ಗಿಗಾಹರ್ಟ್ಸ್ ಎಂದು ಕಟ್ಟಿಹಾಕಿದರೆ ಒಂಟಿ ಕೋರ್‌ನ ಜಿಗಿತವೇ ಹೋಗುತ್ತದೆ, ಗೇಮ್‌ಗಳಲ್ಲಿ ನಷ್ಟ. ಇಲ್ಲಿ ವೇಗ ಸಿಗುವುದು ವೋಲ್ಟೇಜ್ ಇಳಿಸಿ ಬಿಸಿ ತಗ್ಗಿದಾಗ.

ಅದಕ್ಕಿರುವುದೇ ಕರ್ವ್ ಆಪ್ಟಿಮೈಸರ್, ಒಂದೊಂದು ಕೋರ್‌ನ ವೋಲ್ಟೇಜನ್ನು ಏರಿಳಿಸುವ ಸೆಟ್ಟಿಂಗ್. ಬಯಾಸ್‌ನಲ್ಲಿ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ಎಂಬ ಮೆನುವಿನ ಒಳಗೆ ಹೋಗಿ, ‘ಪರ್ ಕೋರ್’ ಆರಿಸಿ, ಚಿಹ್ನೆ ನೆಗೆಟಿವ್ ಮಾಡಿ. ಮಿತಿ 30, ಒಂದೊಂದು ಹೆಜ್ಜೆಗೆ ಸುಮಾರು 3ರಿಂದ 5 ಮಿಲಿವೋಲ್ಟ್ ಕಡಿಮೆಯಾಗುತ್ತದೆ. ಎಲ್ಲಕ್ಕೂ ಒಟ್ಟಿಗೆ ಮೈನಸ್ 30 ಕೊಡಬೇಡಿ. ಎಎಂಡಿಯ ತಂತ್ರಾಂಶ ರೈಜೆನ್ ಮಾಸ್ಟರ್ ಗುರುತು ಹಾಕಿ ತೋರಿಸುವ ಎರಡು ಉತ್ತಮ ಕೋರ್‌ಗಳಿಗೆ ಮೈನಸ್ 5, ಉಳಿದವಕ್ಕೆ ಮೈನಸ್ 15ರಿಂದ ಶುರುಮಾಡಿ. ಒಳ್ಳೆಯ ಕೋರ್‌ಗಳು ಮೊದಲೇ ಕಡಿಮೆ ವೋಲ್ಟೇಜ್‌ನಲ್ಲಿ ಓಡುತ್ತಿರುತ್ತವೆ, ಇಳಿಸಲು ಜಾಗ ಕಡಿಮೆ. ಭಾರ ಬಿದ್ದಾಗ ವೋಲ್ಟೇಜ್ ಕುಸಿಯುವುದನ್ನು ಸರಿದೂಗಿಸುವ ಲೋಡ್‌ಲೈನ್ ಕ್ಯಾಲಿಬ್ರೇಷನ್ ‘ಆಟೋ’ದಲ್ಲೇ ಇರಲಿ. ಈ ಕೆಲಸ ಮುಗಿಯುವವರೆಗೆ ರ‍್ಯಾಮ್‌ನ ಎಕ್ಸ್‌ಎಂಪಿ (ರ‍್ಯಾಮ್ ವೇಗ ಹೆಚ್ಚಿಸುವ ಸೆಟ್ಟಿಂಗ್) ಆಫ್ ಮಾಡಿಡಿ. ಇಲ್ಲದಿದ್ದರೆ ರ‍್ಯಾಮ್ ಮಾಡಿದ ತಪ್ಪು ಪ್ರೊಸೆಸರ್ ತಲೆಗೆ ಬರುತ್ತದೆ.

ಹೆಚ್ಚಿನವರು ಎಡವುವುದು ಪರೀಕ್ಷೆಯಲ್ಲಿ. ಸಿನಿಬೆಂಚ್ ಒಂದು ಗಂಟೆ ಓಡಿತು, ಸರಿಯಾಯಿತು ಎಂದುಕೊಳ್ಳುತ್ತಾರೆ. ಮಾರನೇ ದಿನ ಬ್ರೌಸರ್ ತೆರೆದಿಟ್ಟು ಚಹಾ ಕುಡಿಯಲು ಎದ್ದರೆ ಸಿಸ್ಟಮ್ ತಾನೇ ರೀಸ್ಟಾರ್ಟ್ ಆಗಿರುತ್ತದೆ. ಭಾರ ಹೆಚ್ಚಿದ್ದಾಗ ವೇಗ 4.5 ಗಿಗಾಹರ್ಟ್ಸ್ ಆಸುಪಾಸಿನಲ್ಲಿರುತ್ತದೆ, ಅಲ್ಲಿ ವೋಲ್ಟೇಜ್ ಸಾಲುತ್ತದೆ. ಭಾರ ಇಲ್ಲದಾಗಲೇ ಒಂದು ಕೋರ್ ತುತ್ತತುದಿಗೆ ಜಿಗಿಯುವುದು, ಕೊರತೆ ಬಯಲಾಗುವುದೂ ಅಲ್ಲೇ. ಆದ್ದರಿಂದ ಒಂದೊಂದೇ ಕೋರ್ ಮೇಲೆ ಪ್ರೈಮ್95 ಎಂಬ ಒತ್ತಡ ಪರೀಕ್ಷೆ ಓಡಿಸುವ ಕೋರ್‌ಸೈಕ್ಲರ್ ಬಳಸಿ, ರಾತ್ರಿಯಿಡೀ ಬಿಡಿ.

ಆದರೂ ರೀಸ್ಟಾರ್ಟ್ ಆಯಿತೆಂದರೆ ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದು, ಸಿಸ್ಟಮ್ ಲಾಗ್‌ನಲ್ಲಿ ‘ವೀಆ-ಲಾಗರ್’ (WHEA-Logger) ಹೆಸರಿನ 18ನೇ ನಂಬರಿನ ದೋಷ ಹುಡುಕಿ. ಅದರ ಕೆಳಗೆ ‘ಪ್ರೊಸೆಸರ್ ಎಪಿಐಸಿ ಐಡಿ’ ಎಂದು ಒಂದು ಅಂಕಿ ಇರುತ್ತದೆ. ಅದನ್ನು ಎರಡರಿಂದ ಭಾಗಿಸಿ, ಶೇಷ ಬಿಡಿ: 6 ಅಥವಾ 7 ಇದ್ದರೆ ತಪ್ಪಿತಸ್ಥ ಕೋರ್ 3 (ಎಣಿಕೆ ಸೊನ್ನೆಯಿಂದ). ಆ ಒಂದು ಕೋರ್‌ಗೆ ಮಾತ್ರ ಮೈನಸ್ 15 ಇದ್ದದ್ದನ್ನು ಮೈನಸ್ 12 ಮಾಡಿ, ಮತ್ತೆ ಓಡಿಸಿ. ಇಷ್ಟು ಸ್ಪಷ್ಟವಾಗಿ ತಪ್ಪನ್ನು ಬೆರಳಿಟ್ಟು ತೋರಿಸುವುದು ಈ ಪ್ರೊಸೆಸರ್‌ನ ದೊಡ್ಡ ಗುಣ.

ಇನ್ನೊಂದು ಮೋಸ ಇದೆ. ವೋಲ್ಟೇಜ್ ತೀರಾ ಕಡಿಮೆಯಾದರೆ ಕ್ರ್ಯಾಶ್ ಆಗುವ ಬದಲು ಒಳಗೊಳಗೇ ವೇಗ ಕುಗ್ಗುತ್ತದೆ. ಹೆಚ್‌ಡಬ್ಲ್ಯೂಇನ್ಫೋದಲ್ಲಿ (ಬಿಸಿ, ವೇಗ ತೋರಿಸುವ ತಂತ್ರಾಂಶ) ‘ಕೋರ್ ಕ್ಲಾಕ್’ ಜೊತೆಗೆ ನಿಜವಾಗಿ ಸಿಗುವ ವೇಗವಾದ ‘ಎಫೆಕ್ಟಿವ್ ಕ್ಲಾಕ್’ ಕೂಡ ನೋಡಿ. ಪೂರ್ತಿ ಭಾರದಲ್ಲಿ ಇವೆರಡರ ನಡುವೆ ನೂರಾರು ಮೆಗಾಹರ್ಟ್ಸ್ ಅಂತರ ಕಂಡರೆ ಇಳಿಸಿದ್ದು ಅತಿಯಾಗಿದೆ.

ಬೇಸಿಗೆಗೆ ಬೇರೆಯದೇ ಲೆಕ್ಕ. ಕೋಣೆ ಹತ್ತು ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೆಂಗಳೂರಿನ ಡಿಸೆಂಬರ್‌ನಲ್ಲಿ ಹದ ಮಾಡಿದ್ದು ರಾಯಚೂರು, ಕಲಬುರಗಿಯ ಏಪ್ರಿಲ್‌ಗೆ ನಡೆಯುವುದಿಲ್ಲ. ಪಿಪಿಟಿ, ಅಂದರೆ ಪ್ರೊಸೆಸರ್ ಎಳೆಯಬಹುದಾದ ಒಟ್ಟು ವಿದ್ಯುತ್ತಿನ ಮಿತಿಯನ್ನು 142ರಿಂದ 110 ವ್ಯಾಟ್‌ಗೆ ತಂದರೆ ಬಿಸಿ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ, ಗೇಮ್‌ಗಳಲ್ಲಿ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

ವರ್ಷಗಳು ಕಳೆದ ಮೇಲೆ ಅದೇ ಸೆಟ್ಟಿಂಗ್‌ನಲ್ಲಿ ಬಿಸಿ ಏರಿದ್ದರೆ ಮೊದಲು ಕೂಲರ್‌ನ ಧೂಳು ತೆಗೆಯಿರಿ, ಆಮೇಲೆ ಥರ್ಮಲ್ ಪೇಸ್ಟ್ ಬದಲಿಸಿ. ತಣ್ಣಗಿರುವಾಗ ಕೂಲರ್ ಎಳೆಯಬೇಡಿ: ಇದು ಕೂರುವ ಎಎಂ4 ಸಾಕೆಟ್‌ನಲ್ಲಿ ಪಿನ್ನುಗಳು ಪ್ರೊಸೆಸರ್ ಕಡೆಗೇ ಇರುವುದರಿಂದ, ಪ್ರೊಸೆಸರ್ ಒಣಗಿದ ಪೇಸ್ಟಿಗೆ ಅಂಟಿಕೊಂಡು ಸಾಕೆಟ್‌ನಿಂದಲೇ ಕಿತ್ತು ಬರಬಹುದು. ಹತ್ತು ನಿಮಿಷ ಸಿನಿಬೆಂಚ್ ಓಡಿಸಿ, ಕರೆಂಟ್ ತೆಗೆದು, ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ಸಡಿಲವಾಯಿತು ಅನ್ನಿಸಿದ ಮೇಲೆ ಎತ್ತಿ.

ಬಯಾಸ್ ಅಪ್‌ಡೇಟ್ ಮಾಡುವ ಮುಂಚೆ ಎಂಟೂ ಕೋರ್‌ಗಳ ಅಂಕಿಯನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಅಪ್‌ಡೇಟ್ ಅದೆಲ್ಲವನ್ನೂ ಅಳಿಸುತ್ತದೆ, ಸೇವ್ ಮಾಡಿದ ಹಳೆಯ ಪ್ರೊಫೈಲ್ ಹೊಸ ಆವೃತ್ತಿಯಲ್ಲಿ ಎಷ್ಟೋ ಸಲ ತೆರೆಯುವುದಿಲ್ಲ.